ಪಂಚಾಂಗ ನೋಡಿ ಹತ್ತಬೇಕಾದ ಜಟಕಾ: ಮೂರು ವರ್ಷಗಳ ಬಳಕೆಯ ನಂತರ

ಶಿವಮೊಗ್ಗದಲ್ಲಿ ನಾನು ಮತ್ತು ನನ್ನ ಪತ್ನಿ ಮೂರು ವರ್ಷಗಳಿಂದ ವಾರಕ್ಕೆ ಎರಡು ಬಾರಿ ಬಾಡಿಗೆ ಜಟಕಾ ಗಾಡಿಯಲ್ಲಿ ಓಡಾಡುತ್ತಿದ್ದೇವೆ. ಮಂಗಳವಾರ ಗಾಂಧಿ ಬಜಾರಿಗೆ, ಶನಿವಾರ ಕೋಟೆ ಆಂಜನೇಯನ ಗುಡಿಗೆ. ಜಟಕಾ ಹೇಗಿರುತ್ತದೆ ಎಂಬುದನ್ನು ವರ್ಣಿಸುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ. ಆದರೆ ಇದೇ ಗಾಡಿಯನ್ನು ಆಷಾಢದಲ್ಲಿ ಹತ್ತಿದ ನಮ್ಮ ನೆರೆಯವರು ಹೊಗಳಿ ಮುಗಿಸಲಿಲ್ಲ, ವೈಶಾಖದಲ್ಲಿ ಹತ್ತಿದ ನನ್ನ ಷಡ್ಡಕರು ಇನ್ನೊಮ್ಮೆ ಹತ್ತುವುದಿಲ್ಲ ಎಂದರು. ಇಬ್ಬರ ಮಾತೂ ನಿಜವಾಗಿರುವುದರಿಂದ ಇದನ್ನು ಬರೆಯಬೇಕಾಯಿತು.

ವಿನೋಬನಗರದ ನಮ್ಮ ಮನೆಯಿಂದ ಹೋಗಿ ಬರುವುದಕ್ಕೆ ತಿಂಗಳ ಲೆಕ್ಕದಲ್ಲಿ 2,000 ರೂಪಾಯಿ ಕೊಡುತ್ತೇವೆ. ಆಟೋದಲ್ಲಾದರೆ ಇದರ ಅರ್ಧಕ್ಕೆ ಮುಗಿಯುತ್ತದೆ, ಸಮಯವೂ ಅರ್ಧ ಸಾಕು. ನಿವೃತ್ತ ಶಿಕ್ಷಕನ ಪಿಂಚಣಿಯಲ್ಲಿ ಇದು ಸಣ್ಣ ಮೊತ್ತವೇನಲ್ಲ. ಎಲೆ ಅಡಿಕೆಯ ಚಟವೂ ಇಲ್ಲದ ಮನುಷ್ಯನಿಗೆ ಇದೊಂದಿರಲಿ ಎಂದು ಪತ್ನಿ ಅನುಮತಿ ಕೊಟ್ಟ ಮೇಲೆ ನಾನು ಆ ಲೆಕ್ಕವನ್ನು ಮತ್ತೆ ತೆಗೆದಿಲ್ಲ.

ಬೆಳಿಗ್ಗೆ ಆರೂವರೆಗೆ ರಸ್ತೆಯ ತಿರುವಿನಲ್ಲಿ ಲಾಳದ ಸದ್ದು ಕೇಳಿಸಿದೊಡನೆ ಪತ್ನಿ ಡಬ್ಬಿಯಿಂದ ಒಂದು ಅಚ್ಚು ಬೆಲ್ಲ ತೆಗೆದು, ಅದರ ಮೂಲೆಯನ್ನಷ್ಟೇ ಒಡೆದುಕೊಂಡು ಗೇಟಿಗೆ ಬರುತ್ತಾಳೆ. ಕುದುರೆಯ ಹೆಸರು ಗುಲಾಬಿ. ಬಣ್ಣ ಮಾತ್ರ ಹುರಿದ ಕಾಫಿ ಬೀಜದ್ದು. ಮೊದಲ ವಾರವೇ ಗಾಡಿಯ ಸಾಬರು, "ಅಮ್ಮಾ, ಅಂಗೈ ಚಪ್ಪಟೆ ಇಡಿ, ಬೆರಳು ಮಡಿಸಬೇಡಿ" ಎಂದು ಕಲಿಸಿಕೊಟ್ಟಿದ್ದರು. ಏಕೆಂದರೆ ಕುದುರೆಗೆ ತನ್ನ ಮೂತಿಯ ಕೆಳಗಿರುವುದು ಕಾಣುವುದಿಲ್ಲ, ಅದು ತುಟಿಯಿಂದಲೇ ತಡಕಿ ಎತ್ತಿಕೊಳ್ಳುತ್ತದೆ. ಆ ತುಟಿ ಅಂಗೈಗೆ ತಾಗಿದಾಗಲೆಲ್ಲ ನನ್ನ ಪತ್ನಿ ಮೂರು ವರ್ಷಗಳ ನಂತರವೂ ಮೊದಲ ಸಲದಂತೆಯೇ ನಗುತ್ತಾಳೆ.

ಹತ್ತುವುದಕ್ಕೆ ನಾವು ಮನೆಯಿಂದ ಒಂದು ಮಣೆ ತಂದಿಡುತ್ತೇವೆ, ಏಕೆಂದರೆ ಹಿಂಬದಿಯ ಕಬ್ಬಿಣದ ಮೆಟ್ಟಿಲು ಮಂಡಿನೋವಿನವರಿಗೆ ತೀರ ಎತ್ತರ. ಒಳಗೆ ಹುಲ್ಲಿನ ಮೇಲೆ ಹಾಸಿದ ಜಮಖಾನೆ. ಕುಳಿತ ಮೇಲೆ ಭಾರ ಹೊಂದಿಸುವ ಶಾಸ್ತ್ರ ನಡೆಯುತ್ತದೆ. ಎರಡೇ ಚಕ್ರದ ಗಾಡಿಯಾದ್ದರಿಂದ ಹಿಂದೆ ಭಾರ ಹೆಚ್ಚಾದರೆ ಮುಂದಿನ ದಂಡಗಳು ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನು ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಭಾರವೆಲ್ಲ ಅದರ ಬೆನ್ನಿಗೆ ಬೀಳುತ್ತದೆ. ಸಾಬರು ಒಮ್ಮೆ ದಂಡಕ್ಕೆ ಕೈಯಿಟ್ಟು ನೋಡಿ, "ಮೇಷ್ಟ್ರೇ, ಒಂದು ಗೇಣು ಮುಂದಕ್ಕೆ" ಎನ್ನುತ್ತಾರೆ. ಬಜಾರಿನಿಂದ ಹಲಸಿನಹಣ್ಣು ತಂದ ದಿನ ಅದನ್ನು ಎಲ್ಲಿಡಬೇಕೆಂಬುದನ್ನು ತೀರ್ಮಾನಿಸುವುದಕ್ಕೆ ಐದು ನಿಮಿಷ ಹಿಡಿದಿತ್ತು. ದಾರಿಯುದ್ದಕ್ಕೂ ನಾನು ಗುಲಾಬಿಯ ಕಿವಿಗಳನ್ನೇ ನೋಡುತ್ತಿರುತ್ತೇನೆ. ಒಂದು ಕಿವಿ ರಸ್ತೆಯ ಕಡೆಗಿದ್ದರೆ ಇನ್ನೊಂದು ನಮ್ಮ ಮಾತಿನ ಕಡೆಗೆ ತಿರುಗಿರುತ್ತದೆ. (ಅದರ ಲದ್ದಿಯನ್ನು ಚೀಲದಲ್ಲಿ ತಂದುಕೊಡುವುದಕ್ಕೆ ಸಾಬರು ಹಣ ಕೇಳುವುದಿಲ್ಲ, ಕೊಳೆಸಿ ಹಾಕಿದ ಮೇಲೆ ನಮ್ಮ ಮಲ್ಲಿಗೆ ಬಳ್ಳಿಗೆ ಬೇರೆ ಗೊಬ್ಬರ ಬೇಕಾಗಿಲ್ಲ.)

ಎರಡು ವರ್ಷಗಳ ಹಿಂದೆ ವೈಶಾಖದ ಒಂದು ಮಂಗಳವಾರ ಗಾಡಿ ಮುಕ್ಕಾಲು ಗಂಟೆ ತಡವಾಗಿ ಬಂತು. ಗುಲಾಬಿಯ ಕುತ್ತಿಗೆಯ ಕೂದಲಲ್ಲಿ ಮಿನುಗು ಕಾಗದದ ಚೂರುಗಳು ಸಿಕ್ಕಿಕೊಂಡಿದ್ದವು, ಮೈಯಿಂದ ಪಟಾಕಿಯ ವಾಸನೆ ಬರುತ್ತಿತ್ತು. ಅದು ಬೆಲ್ಲವನ್ನು ಮೂಸಿ ಸುಮ್ಮನಾಯಿತು, ಹಿಂದಿರುಗುವಾಗ ಏರಿನಲ್ಲಿ ಎರಡು ಸಲ ಮುಗ್ಗರಿಸಿತು. ವಿಚಾರಿಸಿದಾಗ ತಿಳಿದದ್ದು: ಇದೇ ಮಾಲೀಕರ ಬಳಿ ಮದುವೆ ಮೆರವಣಿಗೆಗೆ ಕೊಡುವ ಸಾರೋಟೊಂದಿದೆ, ಗುಲಾಬಿ ಹಿಂದಿನ ರಾತ್ರಿ ಅದಕ್ಕೆ ಹೂಡಿ ಬ್ಯಾಂಡಿನ ಹಿಂದೆ ಹನ್ನೆರಡರವರೆಗೆ ನಿಂತಿತ್ತು. ಗಾಡಿ ಗೊತ್ತುಮಾಡುವಾಗ ಈ ವಿಷಯವನ್ನು ಯಾರೂ ನಮಗೆ ಹೇಳಿರಲಿಲ್ಲ. ನನ್ನ ದೂರು ಇದೊಂದೇ, ಆದರೆ ಇದು ಉಳಿದೆಲ್ಲವನ್ನೂ ನುಂಗುವಷ್ಟು ದೊಡ್ಡದು.

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ನಿಂತು ತೂಕಡಿಸುವುದು ನಿಜವಾದರೂ, ಗಾಢ ನಿದ್ದೆಗೆ ಪ್ರತಿದಿನ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಗದ್ದಲವಿರುವ, ಭಯವಾಗುವ ಜಾಗದಲ್ಲಿ ಅದು ಮಲಗುವುದಿಲ್ಲ. ಭಾರ ಎಳೆಯುವ ಪ್ರಾಣಿಗಳಿಗೆಂದು 1965ರ ಕೇಂದ್ರ ನಿಯಮಗಳಿವೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ನಮ್ಮ ಸಾಬರು ಬಿಸಿಲಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಹತ್ತು ಗಂಟೆಯ ನಂತರ ಗಾಡಿ ಹೂಡಿದ್ದನ್ನು ನಾನು ಕಂಡಿಲ್ಲ. ಆದರೆ ಸ್ಪೀಕರಿನ ಪಕ್ಕದಲ್ಲಿ ನಿಂತು ಕಳೆದ ಹೊತ್ತನ್ನು ಅವರೂ ದುಡಿಮೆಯೆಂದು ಎಣಿಸಿರಲಿಲ್ಲ.

ಕೇಳಿಯೇಬಿಟ್ಟೆ. "ಮೇಷ್ಟ್ರೇ, ನೀವು ತಿಂಗಳಿಗೆ ಕೊಡೋದು ಒಂದು ಮೆರವಣಿಗೆಯಲ್ಲಿ ಬರುತ್ತೆ. ಆಷಾಢದಲ್ಲಿ ಮದುವೆ ನಿಂತ್ರೂ ಇವಳ ಹುರುಳಿ ನಿಲ್ಲಲ್ವಲ್ಲ" ಎಂದರು. ಹುರುಳಿ, ಹುಲ್ಲು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಬದಲಿಸಬೇಕಾದ ಲಾಳ, ಇವುಗಳ ಖರ್ಚನ್ನು ಬೆರಳು ಮಡಿಸಿ ಲೆಕ್ಕ ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಸಿಟ್ಟು ಮಾತ್ರ ಕೆಲವು ವಾರ ಇಳಿಯಲಿಲ್ಲ; ನಡುವೆ ಮೂರು ಶನಿವಾರ ಆಟೋದಲ್ಲೇ ಗುಡಿಗೆ ಹೋಗಿಬಂದೆವು.

ಆಮೇಲೆ ಆಷಾಢ ಬಂತು. ಮಲೆನಾಡಿನ ಮಳೆಯಲ್ಲಿ ಜಟಕಾ ಹತ್ತುವವರನ್ನು ಜನ ವಿಚಿತ್ರವಾಗಿ ನೋಡುತ್ತಾರೆ, ನೋಡಬೇಕಾದದ್ದೇ. ಟಾರ್ಪಾಲಿನ ಹೊಲಿಗೆಯಿಂದ ನೀರು ಸರಿಯಾಗಿ ನನ್ನ ಎಡ ಭುಜದ ಮೇಲೆಯೇ ತೊಟ್ಟಿಕ್ಕುತ್ತದೆ, ಇಷ್ಟು ದಿನವಾದರೂ ಅದನ್ನು ಹೊಲಿಸಿಲ್ಲ. ಒದ್ದೆ ಡಾಂಬರಿನ ಮೇಲೆ ಲಾಳ ಜಾರುವುದರಿಂದ ಇಳಿಜಾರಿನಲ್ಲಿ ಸಾಬರು ಕೆಳಗಿಳಿದು ಲಗಾಮು ಹಿಡಿದು ನಡೆಸುತ್ತಾರೆ, ಅರ್ಧ ಗಂಟೆಯ ದಾರಿಗೆ ಮುಕ್ಕಾಲು ಗಂಟೆಯಾಗುತ್ತದೆ. ಹಾಗಿದ್ದೂ ರಾತ್ರಿಯಿಡೀ ನಿದ್ದೆ ಮಾಡಿದ ಕುದುರೆಯ ಗಾಡಿಯಲ್ಲಿ ಕುಳಿತವರಿಗಷ್ಟೇ ಅದರ ನಡಿಗೆ ಏನೆಂಬುದು ಗೊತ್ತಾಗುತ್ತದೆ. ಚಾವಟಿ ಕೈಗೆ ಬರುವುದೇ ಇಲ್ಲ. ಬೆನ್ನಿನಿಂದ ಹಬೆ ಏಳುತ್ತಿರುತ್ತದೆ. ಕೋಟೆಯ ಹತ್ತಿರ ಕೆಂಪಾಗಿ ತುಂಬಿ ಹರಿಯುವ ತುಂಗೆಯ ಸದ್ದಿಗೆ ಎರಡೂ ಕಿವಿಗಳು ಒಟ್ಟಿಗೆ ಅತ್ತ ತಿರುಗುತ್ತವೆ.

ಕಳೆದ ಯುಗಾದಿಯಿಂದ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಹೊಸ ಪಂಚಾಂಗದಲ್ಲಿ ವಿವಾಹ ಮುಹೂರ್ತಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಅದರ ಮರುದಿನ ನಮ್ಮ ಸರದಿಯಿದ್ದರೆ ಗಾಡಿ ಬೇಡವೆಂದು ಮೊದಲೇ ತಿಳಿಸುತ್ತೇವೆ, ಹಣ ಮುರಿದುಕೊಳ್ಳುವುದಿಲ್ಲ. ಓಡಿಸದ ಗಾಡಿಗೆ ದುಡ್ಡು ಬೇಡವೆಂದು ಸಾಬರು ಹಟ ಹಿಡಿದಿದ್ದರಿಂದ ಈಗ ಅಷ್ಟಕ್ಕೆ ಹುರುಳಿ ಕೊಡಿಸುತ್ತೇವೆ. ಹೊಸದಾಗಿ ಗೊತ್ತುಮಾಡುವವರು ಆಷಾಢ, ಧನುರ್ಮಾಸ, ಪಿತೃಪಕ್ಷಗಳಲ್ಲಿ ಧಾರಾಳವಾಗಿ ಹತ್ತಬಹುದು. ಐದಕ್ಕೆ ಎಷ್ಟು ಅಂಕವೆಂದು ಕೇಳುವವರಿಗೆ, ಆ ತಿಂಗಳುಗಳಲ್ಲಿ ಐದು, ಮಾಘದಿಂದ ಜ್ಯೇಷ್ಠದವರೆಗೆ ಎರಡು.

ಆದರೂ ಈ ವೈಶಾಖದಲ್ಲಿ, ಗುರುತಿಲ್ಲದ ಒಂದು ದಿನದ ಮರುಬೆಳಿಗ್ಗೆ, ಗುಲಾಬಿ ಮತ್ತೆ ಕೂದಲಲ್ಲಿ ಮಿನುಗು ಕಾಗದ ಹೊತ್ತುಕೊಂಡು ಗೇಟಿನ ಮುಂದೆ ನಿಂತಿತ್ತು. ಆರತಕ್ಷತೆಗೆ ಮುಹೂರ್ತ ನೋಡುವವರಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಪತ್ನಿ ಬೆಲ್ಲ ತಿನ್ನಿಸಿ ಗಾಡಿಯನ್ನು ವಾಪಸು ಕಳಿಸಿದಳು. ನಾನು ಆಟೋ ಕರೆಯುವುದಕ್ಕೆ ರಸ್ತೆಯ ತಿರುವಿಗೆ ಹೋದೆ.