ಮರಿ ಕಚ್ಚುತ್ತದೆಂದು ಅದರ ಮೂತಿ ಹಿಸುಕಬೇಡಿ

ಮೂರು ತಿಂಗಳ ಲ್ಯಾಬ್ರಡಾರ್ ಮರಿ. ಕೈ ಕಡಿಯುತ್ತದೆ, ಪಂಚೆ ಎಳೆಯುತ್ತದೆ, ಓಡಾಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಮನೆಗೆ ಬಂದ ಟ್ರೈನರ್ ಹೇಳಿಕೊಟ್ಟದ್ದು ಇಷ್ಟೇ: ಕಚ್ಚಿದ ಕೂಡಲೇ ಮೂತಿ ಗಟ್ಟಿಯಾಗಿ ಹಿಡಿದು ‘ನೋ’ ಅನ್ನಿ, ಅದಕ್ಕೂ ಬಗ್ಗದಿದ್ದರೆ ಅಂಗಾತ ಕೆಡವಿ ಒತ್ತಿ ಹಿಡಿಯಿರಿ, ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು. ಮನೆಯವರು ಚಾಚೂ ತಪ್ಪದೆ ಹಾಗೇ ಮಾಡಿದರು. ಸ್ವಲ್ಪ ದಿನಕ್ಕೆ ಮರಿ, ಕೈ ಹತ್ತಿರ ಬಂದರೆ ಸಾಕು, ಕಿವಿ ಹಿಂದಕ್ಕೆ ಒತ್ತಿಕೊಂಡು ತಲೆ ಪಕ್ಕಕ್ಕೆ ಹೊರಳಿಸಿ ಓರೆಗಣ್ಣಲ್ಲಿ ನೋಡತೊಡಗಿತು. ಯಾರೂ ಗಮನಿಸಲಿಲ್ಲ. ಆಮೇಲೆ ಗುರುಗುಟ್ಟಿತು. ಗುರುಗುಟ್ಟಿದ್ದಕ್ಕೂ ಪೆಟ್ಟು ಬಿತ್ತು. ಗುರುಗುಟ್ಟುವುದು ನಿಂತಿತು, ಮನೆಯವರಿಗೆ ಸಮಾಧಾನವಾಯಿತು. ಏಳನೇ ತಿಂಗಳಲ್ಲಿ ಒಂದು ಸಂಜೆ, ಕುತ್ತಿಗೆಗೆ ಬೆಲ್ಟ್ ಹಾಕಲು ಬಗ್ಗಿದ ಹುಡುಗನ ಮುಂಗೈಯನ್ನು ಸದ್ದೇ ಇಲ್ಲದೆ ಕಚ್ಚಿ ಹಿಡಿಯಿತು. ಗಾಯ ಆಳವಾಗಿತ್ತು. ‘ಒಂದು ಸೂಚನೆ ಕೂಡ ಕೊಡಲಿಲ್ಲ’ ಎಂದು ಮನೆಯವರೆಲ್ಲ ಹೇಳಿದರು. ಸೂಚನೆ ಕೊಡುವುದನ್ನೇ ಅದಕ್ಕೆ ಬಿಡಿಸಿಬಿಟ್ಟಿದ್ದರು.

ಇಂಥ ನಾಯಿಗಳನ್ನು ಒಂದೂವರೆ, ಎರಡು ವರ್ಷಕ್ಕೆ ‘ಯಾರಾದರೂ ಇಟ್ಟುಕೊಳ್ಳಿ’ ಎಂದು ಕೊಟ್ಟುಬಿಡುತ್ತಾರೆ, ಇಲ್ಲವೇ ದಿನವಿಡೀ ಗೇಟಿನ ಬಳಿ ಚೈನಿನಲ್ಲಿ ಕಟ್ಟಿಹಾಕುತ್ತಾರೆ. ಹೊಸದಾಗಿ ಮರಿ ತಂದವರು ಈ ದಾರಿ ಹಿಡಿಯಬಾರದು ಎಂಬ ಕಾರಣಕ್ಕೆ ವಿವರವಾಗಿ ಬರೆಯಬೇಕಾಗಿದೆ.

ಮರಿಗೆ ಕೈ ಇಲ್ಲ, ಲೋಕವನ್ನೆಲ್ಲ ಬಾಯಿಂದಲೇ ಮುಟ್ಟಿ ನೋಡುತ್ತದೆ. ಮೂರನೇ ವಾರದಿಂದ ಹಾಲುಹಲ್ಲು ಬರತೊಡಗಿ ಒಟ್ಟು 28 ಆಗುತ್ತವೆ, ಒಂದೊಂದೂ ಸೂಜಿಯ ಹಾಗೆ. ದವಡೆಗೆ ಇನ್ನೂ ಬಲವಿರದ ಈ ವಯಸ್ಸಿನಲ್ಲೇ ಎಷ್ಟು ಒತ್ತಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯಬೇಕು. ಕಲಿಸುವವರು ಒಡಹುಟ್ಟಿದ ಮರಿಗಳು ಮತ್ತು ತಾಯಿ: ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ, ಮೊಲೆಗೆ ಹಲ್ಲು ತಾಗಿದರೆ ತಾಯಿ ಎದ್ದು ನಡೆಯುತ್ತದೆ. ಈ ಪಾಠ ನಡೆಯುವುದು ಹೆಚ್ಚಾಗಿ ನಾಲ್ಕರಿಂದ ಎಂಟನೇ ವಾರದೊಳಗೆ.

ಆದರೆ ನಮ್ಮಲ್ಲಿ ಎಷ್ಟೋ ಮರಿಗಳು 35–40 ದಿನಕ್ಕೇ ಮಾರಾಟವಾಗುತ್ತವೆ. ‘ಚಿಕ್ಕದರಲ್ಲೇ ತಗೊಂಡ್ರೆ ಮನೆಗೆ ಚೆನ್ನಾಗಿ ಹೊಂದಿಕೊಳ್ಳುತ್ತೆ’ ಎಂಬುದು ಮಾರುವವರ ಮಾತು. ಅದನ್ನು ನಂಬಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರದ 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ‘ಅರವತ್ತು ದಿನ ಆಯ್ತು’ ಎಂದು ಕೊಟ್ಟ ಮರಿಯ ತುಟಿ ಸರಿಸಿ ನೋಡಿ: ಮುಂದಿನ ಹಲ್ಲು ಮಾತ್ರ ಇದ್ದು ಹಿಂದೆ ಬರೀ ವಸಡು ಕಂಡರೆ ಅರವತ್ತು ದಿನ ಆಗಿಲ್ಲ. ಹಾಗೆ ಬೇಗ ಬಂದ ಮರಿಯಾದರೆ ಅದರ ಅಣ್ಣ-ತಂಗಿಯರು ಕಲಿಸಬೇಕಿದ್ದದ್ದನ್ನು ನೀವು ಕಲಿಸಬೇಕಾಗುತ್ತದೆ, ಹೆಚ್ಚು ತಾಳ್ಮೆ ಬೇಕು.

ಇನ್ನು ‘ಯಜಮಾನ ಯಾರು ಅಂತ ತೋರಿಸಿ’ ಎಂಬ ಮಾತು. ಪರಿಚಯವಿಲ್ಲದ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿಹಾಕಿ ನೋಡಿದ ಹಳೆಯ ಅಧ್ಯಯನಗಳಿಂದ ಹುಟ್ಟಿದ್ದು ಅದು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಹೊಡೆದಾಟವಿಲ್ಲ ಎಂದು ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1999ರಲ್ಲೇ ಬರೆದರು. ಟ್ರೈನರ್‌ಗಳ ಬಾಯಲ್ಲಿ ಮಾತ್ರ ಅದು ಇನ್ನೂ ಓಡಾಡುತ್ತಿದೆ. ಮೂತಿ ಹಿಸುಕಿದಾಗ ಮರಿ ಕಲಿಯುವುದು ‘ಕಚ್ಚಬಾರದು’ ಎಂದಲ್ಲ, ‘ಮುಖದ ಹತ್ತಿರ ಬರುವ ಕೈ ಅಪಾಯ’ ಎಂದು. ಪೇಪರ್ ಸುರುಳಿಯ ಪೆಟ್ಟು, ನಾಲಗೆಯ ಕೆಳಗೆ ಹೆಬ್ಬೆರಳು ಒತ್ತುವುದು, ಕೈಗೆ ಮೆಣಸಿನಪುಡಿ ಸವರಿಕೊಳ್ಳುವುದು, ಇವೆಲ್ಲದರ ಫಲವೂ ಅದೇ. ಮೆಣಸಿನಪುಡಿಯಂತೂ ಮರಿ ಕಾಲಲ್ಲಿ ಮೂತಿ ಉಜ್ಜಿಕೊಂಡಾಗ ಕಣ್ಣಿಗೆ ಹೋಗುತ್ತದೆ, ದಯವಿಟ್ಟು ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲು ನೋಡಬೇಕಾದದ್ದು ನಿದ್ದೆ, ತರಬೇತಿ ಆಮೇಲೆ. ಎರಡು-ಮೂರು ತಿಂಗಳ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ನಮ್ಮ ಮನೆಗಳಲ್ಲಿ ಸಂಜೆ ಏಳರ ಹೊತ್ತು ನೆನೆಸಿಕೊಳ್ಳಿ: ಮಕ್ಕಳು ಬಂದಿರುತ್ತಾರೆ, ಟಿವಿ ಹಾಕಿರುತ್ತದೆ, ಪಕ್ಕದ ಮನೆಯವರು ಮರಿ ನೋಡಲು ಬಂದಿರುತ್ತಾರೆ, ಎಲ್ಲರೂ ಎತ್ತಿ ಮುದ್ದಾಡುತ್ತಾರೆ. ಮರಿ ಸೋಫಾದಿಂದ ಗೋಡೆಗೆ, ಗೋಡೆಯಿಂದ ಸೋಫಾಕ್ಕೆ ಹುಚ್ಚೆದ್ದು ಓಡುತ್ತದೆ, ಕರೆದರೆ ಕೇಳುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ‘ಎಷ್ಟು ಎನರ್ಜಿ, ಇನ್ನೂ ಆಡಿಸಿ ಸುಸ್ತು ಮಾಡೋಣ’ ಎಂದು ಚೆಂಡು ಎಸೆದರೆ ಇನ್ನೂ ಕೆಡುತ್ತದೆ, ಏಕೆಂದರೆ ಅದು ನಿದ್ದೆಗೆಟ್ಟ ಮಗುವಿನ ರಂಪ. ಒಂದು ಗಂಟೆ ಎಚ್ಚರವಿದ್ದರೆ ಮುಂದಿನ ಎರಡು ಗಂಟೆ ಮಲಗುವ ಹಾಗೆ ದಿನವನ್ನು ಹೊಂದಿಸಿ. ಮೂತ್ರಕ್ಕೆ ಹೊರಗೆ ಕರೆದೊಯ್ದು, ಕ್ರೇಟ್ ಅಥವಾ ತಡೆ ಇಟ್ಟ ಒಂದು ಮೂಲೆಯಲ್ಲಿ ಹಳೆ ಚಾದರ ಹಾಸಿ, ಬೆಳಕು ಕಡಿಮೆ ಮಾಡಿ, ಕಡಿಯಲು ಏನಾದರೂ ಕೊಟ್ಟು ಬಿಡಿ. ಆ ಮೂಲೆ ಶಿಕ್ಷೆಯ ಜಾಗ ಆಗಬಾರದು. ಇದೊಂದನ್ನು ಸರಿಮಾಡಿದರೇ ಎಷ್ಟೋ ಮನೆಗಳಲ್ಲಿ ಸಂಜೆಯ ಕಚ್ಚಾಟ ಅರ್ಧಕ್ಕರ್ಧ ಇಳಿಯುತ್ತದೆ.

ಹಲ್ಲು ಚರ್ಮಕ್ಕೆ ತಾಗಿದಾಗ ಕೈ ಎಳೆದುಕೊಳ್ಳಬೇಡಿ. ಓಡುವುದನ್ನು ಅಟ್ಟುವುದು ನಾಯಿಯ ಗುಣ; ಎಳೆದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಚರ್ಮ ಸೀಳುವುದೂ ಆಗಲೇ. ಕೈಯನ್ನು ಸಡಿಲ ಬಿಟ್ಟು ಅಲುಗಾಡದಿರಿ. ಮೆತ್ತಗೆ ‘ಸಾಕು’ ಎಂದು ಎದ್ದು ಬಾಗಿಲಾಚೆ ಹೋಗಿ 20–30 ಸೆಕೆಂಡ್ ನಿಂತು ಬನ್ನಿ. ಅದಕ್ಕಿಂತ ಹೆಚ್ಚು ಹೊತ್ತು ಹೋದರೆ ಏಕೆ ಹೋದಿರಿ ಎಂಬುದೇ ಮರಿಗೆ ಮರೆತಿರುತ್ತದೆ. ಬಂದ ಮೇಲೆ ಮುನಿಸು ತೋರಿಸದೆ ಆಟದ ಸಾಮಾನು ಕೊಟ್ಟು ಆಟ ಮುಂದುವರಿಸಿ. ಮತ್ತೆ ಕಚ್ಚಿದರೆ ಮತ್ತೆ ಎದ್ದುಹೋಗಿ. ಮೂರನೇ ಸಲವೂ ಅದೇ ಆದರೆ ಅದಕ್ಕೆ ನಿದ್ದೆಯೋ ಮೂತ್ರವೋ ಬಂದಿದೆ ಎಂದು ತಿಳಿಯಿರಿ. ಕಚ್ಚುವುದಕ್ಕೂ ನೀವು ಏಳುವುದಕ್ಕೂ ನಡುವೆ ಒಂದೆರಡು ಸೆಕೆಂಡ್ ಮೀರಬಾರದು. ಮೊದಲ ವಾರಗಳಲ್ಲಿ ಜೋರಾಗಿ ಕಚ್ಚಿದ್ದಕ್ಕೆ ಮಾತ್ರ ಹೀಗೆ ಮಾಡಿ. ಅದು ನಿಂತ ಮೇಲೆ ಮೆಲ್ಲಗೆ ಬಾಯಿ ಹಾಕಿದ್ದಕ್ಕೂ ಮಾಡಿ. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಅಳೆಯುವುದನ್ನು ಮರಿ ಕಲಿಯುವುದೇ ಇಲ್ಲ. ‘ಆಯ್’ ಎಂದು ಕಿರುಚುವ ಉಪಾಯ ಕೆಲವು ಮರಿಗಳಿಗೆ ನಾಟುತ್ತದೆ, ಕೆಲವಕ್ಕೆ ಕೆಚ್ಚು ಹೆಚ್ಚಿಸುತ್ತದೆ. ನಿಮ್ಮದು ಎರಡನೇ ಬಗೆಯದಾದರೆ ಕಿರುಚುವುದನ್ನು ಬಿಟ್ಟುಬಿಡಿ.

ಸೀರೆಯ ನೆರಿಗೆಗೋ ಪಂಚೆಯ ಅಂಚಿಗೋ ಜೋತುಬಿದ್ದಾಗಲೂ ಇದೇ ಮಾತು. ಎಳೆದಾಡಿದರೆ ಅದು ಹಗ್ಗ ಜಗ್ಗಾಟವೆಂದೇ ಮರಿ ತಿಳಿಯುತ್ತದೆ. ನಿಂತಲ್ಲೇ ನಿಂತು, ಮೂಗಿನ ಹತ್ತಿರ ಒಂದು ಕಾಳು ಡ್ರೈ ಫುಡ್ ಹಿಡಿಯಿರಿ; ಬಾಯಿ ತೆರೆದ ಕ್ಷಣ ‘ಬಿಡು’ ಎಂದು ಹೇಳಿ ಕೊಡಿ. ಪದ ಯಾವುದಾದರೂ ಸರಿ, ಆದರೆ ಅಜ್ಜಿ ‘ಬಿಡು’, ಮೊಮ್ಮಗ ‘ಡ್ರಾಪ್’, ಅಪ್ಪ ‘ಏಯ್’ ಅಂದರೆ ಒಂದೂ ಹತ್ತುವುದಿಲ್ಲ. ಹಳೆ ಟಿ-ಶರ್ಟ್ ಸೀಳಿ ಎರಡಡಿ ಉದ್ದದ ಜಡೆ ಹೆಣೆದು ಮನೆಯ ಪ್ರತಿ ಕೋಣೆಯಲ್ಲೂ ಒಂದೊಂದು ಇಟ್ಟಿರಿ. ಅಷ್ಟು ಉದ್ದ ಇದ್ದರೆ ಮರಿಯ ಬಾಯಿಗೂ ನಿಮ್ಮ ಬೆರಳಿಗೂ ಅಂತರ ಇರುತ್ತದೆ.

ನಾಲ್ಕನೇ ತಿಂಗಳ ಹೊತ್ತಿಗೆ ಕಚ್ಚುವುದು ಕಡಿಮೆಯಾಗಿ, ಮತ್ತೆ ಏಕಾಏಕಿ ಏರುತ್ತದೆ. ಕಲಿಸಿದ್ದೆಲ್ಲ ನೀರಲ್ಲಿ ಹೋಮವಾಯಿತು ಎಂದು ಎಷ್ಟೋ ಜನ ಕೋಲು ಹಿಡಿಯುವುದು ಇಲ್ಲೇ. ಆಗ ಹಾಲುಹಲ್ಲು ಬಿದ್ದು 42 ಶಾಶ್ವತ ಹಲ್ಲು ಬರುತ್ತಿರುತ್ತವೆ, ವಸಡು ಕೆರೆಯುತ್ತದೆ, ಆಟದ ಸಾಮಾನಿಗೆ ಹನಿ ರಕ್ತ ಅಂಟಿರುತ್ತದೆ. ಆರು-ಏಳು ತಿಂಗಳಿಗೆ ಮುಗಿಯುತ್ತದೆ. ಒದ್ದೆ ಬಟ್ಟೆ ಹಿಂಡಿ ತಿರುಚಿ ಫ್ರೀಜರಿನಲ್ಲಿಟ್ಟು ಕೊಡಿ, ನಿಮ್ಮ ಕಣ್ಣೆದುರೇ ಕಡಿಯಲಿ. ಫ್ರಿಜ್ಜಿನಲ್ಲಿಟ್ಟ ದಪ್ಪ ಕ್ಯಾರೆಟ್ ಕೂಡ ಆಗುತ್ತದೆ. ಬೇಯಿಸಿದ ಮೂಳೆ ಬೇಡವೇ ಬೇಡ, ಚೂರಾಗಿ ಕರುಳಿಗೆ ಚುಚ್ಚುತ್ತದೆ. ಉಗುರು ಒತ್ತಿದರೆ ಸ್ವಲ್ಪವೂ ತಗ್ಗದ ಗಟ್ಟಿ ವಸ್ತು ಹಲ್ಲು ಮುರಿಯುತ್ತದೆ. ಏಳು ತಿಂಗಳಾದರೂ ಹಾಲಿನ ಕೋರೆಹಲ್ಲು ಹೊಸದರ ಪಕ್ಕದಲ್ಲೇ ಉಳಿದಿದ್ದರೆ ಪಶುವೈದ್ಯರಿಗೆ ತೋರಿಸಿ.

ಆ ಹುಡುಗನಿಗೆ ಕಚ್ಚಿದ್ದು ಬೆಲ್ಟ್ ಹಾಕುವಾಗ. ಅದನ್ನು ತಪ್ಪಿಸುವ ಅಭ್ಯಾಸಕ್ಕೆ ದಿನಕ್ಕೆ ಎರಡೇ ನಿಮಿಷ ಸಾಕು, ಊಟದ ಕಾಳಲ್ಲೇ ಹತ್ತನ್ನು ತೆಗೆದಿಟ್ಟುಕೊಳ್ಳಿ. ಬೆಲ್ಟ್ ಮುಟ್ಟಿ, ಒಂದು ಕಾಳು ಕೊಡಿ. ಎರಡು ಬೆರಳಲ್ಲಿ ಹಿಡಿದು, ಒಂದು ಕಾಳು. ಪಂಜ ಹಿಡಿದು, ಕಿವಿ ಎತ್ತಿ, ತುಟಿ ಸರಿಸಿ, ಒಂದೊಂದಕ್ಕೂ ಒಂದು. ಮುಟ್ಟುವುದು ಮೊದಲು, ಕಾಳು ಆಮೇಲೆ. ಈ ಕ್ರಮ ತಿರುಗಬಾರದು, ತಿರುಗಿದರೆ ಕಾಳು ಕಂಡಾಗ ಹಿಡಿಯುತ್ತಾರೆ ಎಂದು ಮರಿ ಕಾಳಿಗೇ ಹೆದರುತ್ತದೆ. ಮರಿ ತಲೆ ಹೊರಳಿಸಿದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಅದಕ್ಕಿಂತ ಸುಲಭದ್ದರಿಂದ ಶುರುಮಾಡಿ. ತಟ್ಟೆಯ ವಿಷಯದಲ್ಲೂ ಹೀಗೇ: ‘ಅಭ್ಯಾಸ ಆಗಲಿ’ ಎಂದು ತಿನ್ನುವಾಗ ತಟ್ಟೆ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಹಾದುಹೋಗುವಾಗ ಇನ್ನೂ ರುಚಿಯಾದ ಒಂದು ತುಂಡು ಅದರೊಳಗೆ ಹಾಕಿ ಹೋಗಿ.

ಈಗಾಗಲೇ ಮೂತಿ ಹಿಸುಕಿ, ಹೊಡೆದು, ಮರಿ ಗುರುಗುಟ್ಟುವ ಹಂತಕ್ಕೆ ಬಂದಿದ್ದರೆ ಇವತ್ತೇ ಅದೆಲ್ಲ ನಿಲ್ಲಿಸಿ. ಗುರುಗುಟ್ಟಿದಾಗ ಹಿಂದೆ ಸರಿಯಿರಿ. ಸರಿದರೆ ಸಲಿಗೆಯಾಗುತ್ತದೆ ಎಂಬ ಭಯ ಬೇಡ, ಆ ಗುರುಗು ಇರುವುದೇ ನಿಮ್ಮ ಅದೃಷ್ಟ. ಕಿವಿ, ಹಲ್ಲು, ಕೀಲುಗಳ ನೋವೇನಾದರೂ ಇದೆಯೇ ಎಂದು ಮೊದಲು ಪಶುವೈದ್ಯರಿಂದ ನೋಡಿಸಿ. ಟ್ರೈನರ್ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ? ಉತ್ತರದಲ್ಲಿ ಚೋಕ್ ಚೈನ್ (ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿ), ಮುಳ್ಳಿನ ಬೆಲ್ಟ್, ‘ಜರ್ಕ್’ (ಬೆಲ್ಟನ್ನು ಥಟ್ಟನೆ ಜಗ್ಗುವುದು) ಬಂದರೆ ಅವರನ್ನು ಮನೆಗೆ ಕರೆಯಬೇಡಿ.

ಕೊನೆಗೆ, ಇಷ್ಟು ದಿನ ಎಲ್ಲರೂ ಹಗುರವಾಗಿ ತೆಗೆದುಕೊಂಡ ವಿಷಯ. ‘ಮರಿ ತಾನೇ, ಸಾಕಿದ್ದು ತಾನೇ’ ಎಂದು ರಕ್ತ ಬಂದ ಗೀರನ್ನು ಒರೆಸಿಕೊಂಡು ಸುಮ್ಮನಿರುತ್ತಾರೆ. ರೇಬೀಸ್ ಮರಿಗಳಿಂದಲೂ ಬರುತ್ತದೆ. ಮರಿಗೆ ಈ ಲಸಿಕೆ ಸಾಮಾನ್ಯವಾಗಿ ಬೀಳುವುದೇ ಮೂರು ತಿಂಗಳು ತುಂಬಿದ ಮೇಲೆ. ಅಂದರೆ ಅತಿ ಹೆಚ್ಚು ಕಚ್ಚುವ ದಿನಗಳಲ್ಲಿ ಅದಕ್ಕೆ ರಕ್ಷಣೆ ಇರುವುದಿಲ್ಲ. ಹಲ್ಲು ತಾಗಿ ಚರ್ಮ ಹರಿದರೆ ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ, ಬಟ್ಟೆ ಬಿಗಿಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ತೋಳಿನ ಚರ್ಮದೊಳಗೆ ಕೊಡುವ ಕ್ರಮವಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7, 28ನೇ ದಿನಗಳಂದು ಹಾಕುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ, ವೈದ್ಯರು ಹೇಳದಿದ್ದರೆ ನೀವೇ ಕೇಳಿ. ಮರಿಯ ಲಸಿಕೆ ಕಾರ್ಡನ್ನೂ ಜೊತೆಗೆ ಒಯ್ಯಿರಿ, ಡೋಸ್ ನಿಲ್ಲಿಸುವ ತೀರ್ಮಾನವನ್ನು ಮಾತ್ರ ವೈದ್ಯರಿಗೇ ಬಿಡಿ.