ಒಂದೂವರೆ ವರ್ಷ ಬಳಸಿದ ಮೇಲೆ: ಪಾಠಕ್ಕೆ ನಾಲ್ಕು ಸ್ಟಾರ್, ಸ್ಟ್ರೀಕ್‌ಗೆ ಸೊನ್ನೆ

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಈ ಆನ್‌ಲೈನ್ ಗಣಿತದ ಎನ್‌ರಿಚ್‌ಮೆಂಟ್ ಕೋರ್ಸಿಗೆ ಸೇರಿಸಿದೆ. ಹೆಸರು ಬೇಡ ಬಿಡಿ. ಎಷ್ಟು ವಿಡಿಯೊ, ಎಷ್ಟು ಲೆವೆಲ್ ಅನ್ನೋದೆಲ್ಲ ಇಂಥ ಕೋರ್ಸುಗಳ ಜಾಹೀರಾತಿನಲ್ಲೇ ಇರುತ್ತದೆ. ಇದು ಟ್ಯೂಷನ್ ಅಲ್ಲ. ಮುಂದಿನ ವರ್ಷದ ಪಾಠವನ್ನು ಈಗಲೇ ಓಡಿಸುವುದೂ ಅಲ್ಲ. ಗೊತ್ತಿರುವ ಲೆಕ್ಕವನ್ನೇ ಹಿಡಿದು ಆಳಕ್ಕೆ ಇಳಿಸುತ್ತಾರೆ.

ರಾತ್ರಿ ಊಟ ಆದ ಮೇಲೆ ಅವಳು ಟ್ಯಾಬನ್ನು ದಪ್ಪ ನಿಘಂಟಿಗೆ ಒರಗಿಸಿ ನಿಲ್ಲಿಸುತ್ತಾಳೆ. ಎರಡು ಪೆನ್ಸಿಲ್ ಚೂಪು ಮಾಡಿ ಒಂದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾಳೆ. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಾ ಕೂರಬೇಕು, ಬಾಯಿ ಮಾತ್ರ ಬಿಡಬಾರದು.

ಒಂದು ದಿನ ಬಂದ ಲೆಕ್ಕ ಇದು: ಯಾವುದಾದರೂ ಸಂಖ್ಯೆ ತಗೋ. ಸಮ ಆದರೆ ಅರ್ಧ ಮಾಡು. ಬೆಸ ಆದರೆ ಮೂರರಿಂದ ಗುಣಿಸಿ ಒಂದು ಕೂಡಿಸು. ಹೀಗೇ ಹೋದರೆ ಕೊನೆಗೆ 1 ಬರುತ್ತಾ? 26 ತಗೊಂಡಳು. 13, 40, 20, 10... ಹತ್ತೇ ಹೆಜ್ಜೆಗೆ 1 ಬಂತು. 'ಇಷ್ಟೇನಾ' ಅಂತ 27 ಹಿಡಿದಳು. 82, 41, 124, 62, 31, 94... ಇಳಿಯುವ ಲಕ್ಷಣವೇ ಇಲ್ಲ. ಮಾರನೇ ರಾತ್ರಿ 9232ರ ತನಕ ಏರಿತು. "ಅಮ್ಮಾ, ಇದು ಕೆಳಗೆ ಬರೋದೇ ಇಲ್ವಾ?" ನಡುವೆ ಎಲ್ಲೋ ತಪ್ಪಿ ಅರ್ಧ ಪುಟ ಉಜ್ಜಿ ಅಳಿಸಿದಳು. ಮೂರನೇ ರಾತ್ರಿ, 111ನೇ ಹೆಜ್ಜೆಗೆ, 1 ಸಿಕ್ಕಿತು. ಕೊಲ್ಲಾಟ್ಸ್ ಅನ್ನುವ ಜರ್ಮನ್ ಗಣಿತಜ್ಞರು 1930ರ ದಶಕದಲ್ಲಿ ಎತ್ತಿದ ಪ್ರಶ್ನೆಯಂತೆ ಇದು. ಎಲ್ಲ ಸಂಖ್ಯೆಗೂ ಹೀಗೇ ಆಗುತ್ತದೆ ಅಂತ ಇವತ್ತಿಗೂ ಯಾರೂ ಸಾಧಿಸಿಲ್ಲ. ಅದನ್ನು ಕೇಳಿ ಅವಳಿಗೆ ಖುಷಿಯೋ ಖುಷಿ.

ಆದರೆ ಆ್ಯಪ್ ಪ್ರಕಾರ ಆ ಮೂರು ದಿನ ಅವಳು ಏನೂ ಮಾಡಿಲ್ಲ. ಉತ್ತರದ ಜಾಗದಲ್ಲಿ ಏನೂ ಒತ್ತಿಲ್ಲವಲ್ಲ! ಒಂದು ದಿನವೂ ಬಿಡದೆ ಉತ್ತರ ಒತ್ತಿದ ದಿನಗಳ ಎಣಿಕೆ, ಅದೇ ಸ್ಟ್ರೀಕ್, 84ರಿಂದ ಸೊನ್ನೆಗೆ ಇಳಿದಿತ್ತು, ಜೊತೆಗೆ ಅಳುಮೋರೆ ಗೊಂಬೆ ಬೇರೆ. ಆಮೇಲೆ ಎರಡು ವಾರ ಅವಳು ದಿನಾ ಒಂದು ಸುಲಭದ ಲೆಕ್ಕ ಸುಮ್ನೆ ಒತ್ತಿ ಎದ್ದುಬಿಡುತ್ತಿದ್ದಳು. ಯೋಚನೆ ಮಾಡಿದ ಮಗುವಿಗೆ ದಂಡ, ಒತ್ತಿ ಎದ್ದವಳಿಗೆ ಬ್ಯಾಡ್ಜು. ದೂರು ಬರೆದರೆ, ಸ್ಟ್ರೀಕ್ ಉಳಿಸಲು ಪ್ರೀಮಿಯಂ ತಗೊಳ್ಳಿ ಅಂತ ಉತ್ತರ ಬಂತು. ಅವತ್ತೇ ಬಿಡಿಸಬೇಕು ಅಂದುಕೊಂಡೆ.

ಬಿಡಿಸಲಿಲ್ಲ. ಕಾರಣ, ಅವಳ ನೋಟ್‌ಬುಕ್ಕಿನ ಫೋಟೊ ನೋಡಿದ ಕೋರ್ಸಿನ ಮೆಂಟರ್, ಅಂದರೆ ಮಾರ್ಗದರ್ಶಕರು. ಒಂಬತ್ತು ದಿನ ಕಾಯಿಸಿ ಎರಡೇ ಸಾಲು ಬರೆದಿದ್ದರು. "ನಿನ್ನ ದಾರಿಯಲ್ಲಿ 41, 31 ಎರಡೂ ಇವೆ ನೋಡು. ಅವುಗಳಿಂದಲೇ ಶುರು ಮಾಡಿದ್ದರೆ ಎಷ್ಟು ಹೆಜ್ಜೆ? ಮತ್ತೆ ಲೆಕ್ಕ ಮಾಡದೇ ಹೇಳು." ಅವಳು ಪೆನ್ಸಿಲ್ ತುದಿಯಲ್ಲಿ ಹೆಜ್ಜೆ ಎಣಿಸಿದಳು. ಕುರ್ಚಿಯಿಂದ ಎದ್ದೇ ಕೂಗಿದಳು: "109! 106!"

ದುಡ್ಡು ಉಳಿಸಬೇಕು ಅನ್ನುವವರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಎನ್‌ರಿಚ್ ತಾಣದಲ್ಲಿ ಇಂಥ ಲೆಕ್ಕಗಳು ಪುಕ್ಕಟೆ ಸಿಗುತ್ತವೆ. ಮಕ್ಕಳು ಪ್ರೋಗ್ರಾಂ ಮಾಡಲು ಕಲಿಯುವ, ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಸ್ಕ್ರ್ಯಾಚ್ ಕೂಡ ಪುಕ್ಕಟೆ. ಇದೇ ನಿಯಮವನ್ನು ಅವಳು ಅದರಲ್ಲಿ ಪ್ರೋಗ್ರಾಂ ಮಾಡಿದ್ದಾಳೆ. ನಾನು ದುಡ್ಡು ಕೊಡುತ್ತಿರುವುದು ಮೆಂಟರ್ ಬರೆದ ಆ ಎರಡು ಸಾಲಿಗೆ. ಅದನ್ನಷ್ಟೇ ಬೇರೆಯಾಗಿ ಮಾರಿದರೆ ಜಾಸ್ತಿ ಸಂತೋಷ.

ಸ್ಟ್ರೀಕ್ ಕಾಣುವ ಮೂಲೆಗೆ ಈಗ ಚೀಟಿ ಅಂಟಿಸಿದ್ದೇವೆ. ಈ ಸಲ ಆರು ತಿಂಗಳಿಗೆ ಮಾತ್ರ ಕಟ್ಟಿದ್ದೇನೆ. ಆಟೋ ರಿನ್ಯೂವಲ್ ಆಫ್ ಮಾಡಲು ಮರೆಯಬೇಡಿ, ಸೆಟ್ಟಿಂಗ್ಸ್‌ನಲ್ಲಿ ತುಂಬಾ ಒಳಗೆ ಬಚ್ಚಿಟ್ಟಿದ್ದಾರೆ.