ಎಟಿಆರ್ ಸೀಟೋ, ಎಂಬ್ರೇಯರ್ ಸೀಟೋ?

ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದ ಹಾಸನ, ಚಿಕ್ಕಮಗಳೂರು ಕಡೆಯ ಹುಡುಗ ಹುಡುಗಿಯರದ್ದು ಒಂದೇ ಪ್ರಶ್ನೆ: ಪ್ರೊಪೆಲ್ಲರಿನ ಎಟಿಆರ್ 72-600ಕ್ಕೆ ಸೇರೋದಾ, ಎಂಬ್ರೇಯರ್ 175 ಜೆಟ್‌ಗೆ ಕಾಯೋದಾ? ಎರಡನ್ನೂ ಹಾರಿಸಿ ನೋಡಿದ ಮೇಲೆ ನಮ್ಮ ಮತ ಎಟಿಆರ್‌ಗೆ, ಅದೂ ಮೊದಲ ಎರಡು ವರ್ಷಕ್ಕೆ ಮಾತ್ರ.

ವೇಗದ ವ್ಯತ್ಯಾಸಕ್ಕೆ ಮರುಳಾಗಬೇಡಿ. ಎಟಿಆರ್ ಗಂಟೆಗೆ ಸುಮಾರು 510 ಕಿ.ಮೀ., ಎಂಬ್ರೇಯರ್ 800ರ ಮೇಲೆ. ಆದರೆ ಬೆಂಗಳೂರು–ಮಂಗಳೂರಿನಂಥ ದಾರಿಯಲ್ಲಿ ಏರಿ ಇಳಿಯೋದರಲ್ಲೇ ಹೊತ್ತು ಹೋಗುತ್ತದೆ. ಜೆಟ್ ಉಳಿಸಿಕೊಡೋದು ಹೆಚ್ಚೆಂದರೆ ಹತ್ತು-ಹದಿನೈದು ನಿಮಿಷ. ರನ್‌ವೇ ವಿಚಾರದಲ್ಲಿ ಎಟಿಆರ್‌ಗೆ ಸರಿಸಾಟಿ ಇಲ್ಲ. ಮೈಸೂರಿನ 1740 ಮೀಟರ್ ಅದಕ್ಕೆ ಸಾಕು. ಶಿವಮೊಗ್ಗದ ಉದ್ದದ ರನ್‌ವೇಯಲ್ಲಿ ಎರಡೂ ಆರಾಮ.

ಟೇಕಾಫ್‌ನಲ್ಲಿ ಒಂದು ಇಂಜಿನ್ ಕೈಕೊಟ್ಟರೆ ಎಟಿಆರ್ ತಾನೇ ಆ ಪ್ರೊಪೆಲ್ಲರಿನ ಬ್ಲೇಡ್‌ಗಳನ್ನು ಗಾಳಿಗೆ ಅಡ್ಡ ಬರದಂತೆ ತಿರುಗಿಸಿ, ಇನ್ನೊಂದು ಇಂಜಿನ್ನಿನ ಶಕ್ತಿಯನ್ನು 2475ರಿಂದ 2750 ಅಶ್ವಶಕ್ತಿಗೆ ಏರಿಸುತ್ತದೆ. ಪೆಡಲ್ ಒತ್ತಿ ಬಾಲದ ರಡ್ಡರ್ ತಿರುಗಿಸಿ ಮೂತಿ ನೇರ ಇಡುವ ಕೆಲಸ ಮಾತ್ರ ನಿಮ್ಮ ಕಾಲಿನದು. ಯಾವ ಇಂಜಿನ್ ಸತ್ತಿದೆ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿ ಖಾತ್ರಿ ಮಾಡಿಕೊಳ್ಳದೆ ಲಿವರ್ ಮುಟ್ಟಬಾರದು. 2015ರಲ್ಲಿ ತೈಪೆಯಲ್ಲಿ ಸರಿಯಿದ್ದ ಇಂಜಿನ್ನನ್ನೇ ಆರಿಸಿದ್ದರಿಂದ ಒಂದು ಎಟಿಆರ್ ನದಿಗೆ ಬಿತ್ತು. ಎಂಬ್ರೇಯರ್‌ನಲ್ಲೂ ರಡ್ಡರ್ ಬೇಕು, ಆದರೆ ಪ್ರೊಪೆಲ್ಲರಿನ ಎಳೆತದ ಕಾಟ ಇಲ್ಲ. ಜೊತೆಗೆ ಇಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಬೇರೆ.

ನೆಲದ ಮೇಲಿನ ಕೆಲಸ ಎಟಿಆರ್‌ನಲ್ಲೇ ಜಾಸ್ತಿ. ನಿಂತಾಗ ಕರೆಂಟು, ಗಾಳಿ ಕೊಡುವ ಪುಟ್ಟ ಇಂಜಿನ್, ಅಂದರೆ ಎಪಿಯು, ಅದಕ್ಕೆ ಇಲ್ಲ. ಬಲಗಡೆ ಇಂಜಿನ್ ಓಡುತ್ತಿರುವಾಗ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ನಿಲ್ಲಿಸಿ, ಅದರಿಂದಲೇ ಕರೆಂಟು, ಏಸಿ ಪಡೆಯಬೇಕು. ಇದೇ ಹೋಟೆಲ್ ಮೋಡ್. ಹಿಂದಿನಿಂದ ಗಾಳಿ ಜೋರಾಗಿದ್ದರೆ ಇದನ್ನು ಬಳಸುವಂತಿಲ್ಲ, ಬೇಸಿಗೆಯಲ್ಲಿ ಒಳಗೆ ಬೆವರು ಕಿತ್ತು ಬರುತ್ತದೆ. ಪ್ರಯಾಣಿಕರು ಹತ್ತೋದು ಹಿಂಬಾಗಿಲಿಂದ. ಎಲ್ಲರೂ ಹಿಂದೆಯೇ ಗುಂಪುಗಟ್ಟಿದರೆ ಮೂತಿ ಮೇಲೇಳದಿರಲಿ ಅಂತ ಬಾಲದಡಿ ಟೇಲ್ ಪ್ರಾಪ್ ಅನ್ನುವ ಊರುಗೋಲು ನಿಲ್ಲಿಸುತ್ತಾರೆ. ಹೊರಡುವ ಮುಂಚೆ ಅದು ತೆಗೆದಿದೆಯೇ ಅನ್ನೋದನ್ನು ಗ್ರೌಂಡ್‌ನವರ ಬಾಯಿಂದಲೇ ಕೇಳಿಸಿಕೊಳ್ಳಿ.

ನಿಜವಾದ ಪರೀಕ್ಷೆ ಮಳೆಗಾಲದ ಘಟ್ಟದ ಮೇಲೆ. ನಮ್ಮ ಕಡೆ ನೀರು ಹೆಪ್ಪುಗಟ್ಟುವ ಎತ್ತರ ಸಾಮಾನ್ಯವಾಗಿ 16,000–17,000 ಅಡಿ. ಎಟಿಆರ್ ಓಡಾಡುವ ಎತ್ತರವೂ ಹೆಚ್ಚುಕಮ್ಮಿ ಅದೇ. ಎಂಬ್ರೇಯರ್ ಇಂಜಿನ್ನಿನ ಬಿಸಿಗಾಳಿಯಿಂದ ರೆಕ್ಕೆಯ ಮುಂಚೂಣಿಯನ್ನು ಕಾಯಿಸಿಕೊಂಡು, ಆ ಪದರ ದಾಟಿ ಮೇಲಕ್ಕೆ ಹೋಗುತ್ತದೆ. ಎಟಿಆರ್ ರೆಕ್ಕೆಯ ಅಂಚಿನ ರಬ್ಬರ್ ಹೊದಿಕೆ (ಬೂಟು) ಉಬ್ಬಿಸಿ ಐಸ್ ಒಡೆಯುತ್ತಾ ಅಲ್ಲೇ ಇರಬೇಕು. ಕ್ಯಾಪ್ಟನ್ ಕಡೆಯ ಕಿಟಕಿ ಹೊರಗಿನ ಪುಟ್ಟ ಕಡ್ಡಿಯ ಮೇಲೆ ಐಸ್ ಕೂತಿತೆಂದರೆ ವೇಗದ ಕನಿಷ್ಠ ಗಡಿ ಏರಿಸಿಕೊಳ್ಳಿ. ಕಾಕ್‌ಪಿಟ್‌ನಲ್ಲಿ ‘ಕ್ರೂಸ್ ಸ್ಪೀಡ್ ಲೋ’ (ವೇಗ ಕಮ್ಮಿ) ಮೊದಲ ಎಚ್ಚರಿಕೆ, ‘ಡಿಗ್ರೇಡೆಡ್ ಪರ್ಫ್’ (ಸಾಮರ್ಥ್ಯ ಕುಸಿದಿದೆ) ಎರಡನೆಯದು, ‘ಇನ್‌ಕ್ರೀಸ್ ಸ್ಪೀಡ್’ (ವೇಗ ಹೆಚ್ಚಿಸಿ) ಬರುವ ತನಕ ಕಾಯುವವರು ಈ ಕೆಲಸಕ್ಕೆ ಲಾಯಕ್ಕಲ್ಲ. ಪಕ್ಕದ ಕಿಟಕಿಯ ಗಾಜಿಗೇ ಐಸ್ ಹಬ್ಬಿದರೆ ಅದು ತೀವ್ರ ಐಸಿಂಗ್: ಆಟೋಪೈಲಟ್ ಬಿಡಿಸುವಾಗ ಹಿಡಿ ಗಟ್ಟಿಯಾಗಿರಲಿ, ಕಂಟ್ರೋಲ್‌ಗೆ ತಿಳಿಸಿ ಆ ಮೋಡದಿಂದ ಹೊರಬನ್ನಿ. 2,000 ಅಡಿ ಕೆಳಗಿಳಿದರೆ ಎಷ್ಟೋ ಸಲ ಅಷ್ಟೇ ಸಾಕು, ಆದರೆ ಘಟ್ಟದ ಮೇಲೆ ಸುರಕ್ಷಿತ ಎತ್ತರ ಎಷ್ಟು ಅನ್ನೋದು ಮೊದಲೇ ಗೊತ್ತಿರಬೇಕು.

ಇಳಿಯುವಾಗ ಎಟಿಆರ್ ತಪ್ಪನ್ನು ಕ್ಷಮಿಸುತ್ತದೆ. ಪವರ್ ತೆಗೆದರೆ ಪ್ರೊಪೆಲ್ಲರೇ ಬ್ರೇಕು. ಎಂಬ್ರೇಯರ್ ಜಾರುತ್ತಲೇ ಹೋಗುತ್ತದೆ. ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ, ಅದರ ಮೇಲೆ ವೇಗ ಇಳಿಸಲು ಇನ್ನಷ್ಟು ಜಾಗ ಇಟ್ಟುಕೊಳ್ಳಬೇಕು. ದೊಡ್ಡ ಜೆಟ್‌ಗೆ ಹೋಗುವಾಗ ಈ ಅಭ್ಯಾಸ ಕೈಹಿಡಿಯುತ್ತದೆ, ಎಂಬ್ರೇಯರ್ ಗೆಲ್ಲೋದು ಇಲ್ಲಿ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿನ 1500 ಗಂಟೆ ಹಾರಾಟಕ್ಕೆ ಎರಡರ ಗಂಟೆಯೂ ಸಮ. ಆದರೆ ಕೆಲವು ನೇಮಕಾತಿಗಳಲ್ಲಿ ಜೆಟ್ ಗಂಟೆಯನ್ನೇ ಕೇಳುತ್ತಾರೆ.

ಹಾಸನದ ಬಳಿಯ ಬೂವನಹಳ್ಳಿ ವಿಮಾನ ನಿಲ್ದಾಣ ನೆಚ್ಚಿಕೊಂಡು ಮನೆಯಿಂದಲೇ ಡ್ಯೂಟಿ ಮಾಡುವ ಕನಸು ಸದ್ಯಕ್ಕೆ ಬೇಡ. ಬೇಸ್ (ಡ್ಯೂಟಿ ಶುರುವಾಗುವ ಊರು) ಬೆಂಗಳೂರಾದರೆ, ವಿಮಾನ ಯಾವುದಾದರೂ ಸ್ಟ್ಯಾಂಡ್‌ಬೈ ದಿನ, ಅಂದರೆ ಕರೆ ಬಂದರೆ ಹೊರಡಲು ಸಿದ್ಧವಿರಬೇಕಾದ ದಿನ, ಹಾಸನದಲ್ಲಿ ಕೂರಲಾಗದು. ದೇವನಹಳ್ಳಿ ಸುತ್ತ ಇಬ್ಬರು ಮೂವರು ಸೇರಿ ಮನೆ ಹಿಡಿಯಿರಿ. ಊರಿಗೆ ಹೋಗೋದು ವಾರದ 48 ಗಂಟೆ ವಿಶ್ರಾಂತಿ ಸಿಕ್ಕಾಗ ಮಾತ್ರ. ವಾಪಸು ಹೊರಡುವಾಗ ನೆಲಮಂಗಲದ ಟ್ರಾಫಿಕ್ಕಿಗೆ ಅಂತಲೇ ಒಂದು ಗಂಟೆ ತೆಗೆದಿಡಿ, ಚಿಕ್ಕಮಗಳೂರಿನವರು ಇನ್ನೊಂದು ಗಂಟೆ ಸೇರಿಸಿ.